ತೊಟ್ಟಿಲ ಹೆಸರು, ದಾಖಲೆಯ ಹೆಸರು



ಇವತ್ತು ವಿಧಾನಸೌಧದ ಸುದ್ದಿ ಇಲ್ಲ, ದೆಹಲಿಯ ಸುದ್ದಿಯೂ ಇಲ್ಲ. ಇವತ್ತು ನಾನು ಮಾತಾಡೋದು ಎರಡು ತಿಂಗಳ ಒಂದು ಹೆಣ್ಣುಮಗುವಿನ ಬಗ್ಗೆ. ಆ ಮಗು ಯಾವ ತಪ್ಪನ್ನೂ ಮಾಡಿಲ್ಲ, ಯಾವ ಹೇಳಿಕೆಯನ್ನೂ ಕೊಟ್ಟಿಲ್ಲ. ಆದರೂ ಅದರ ಮನೆಯಲ್ಲಿ ದೊಡ್ಡ ಗಲಾಟೆ ನಡೀತಾ ಇದೆ.

ಅರಸೀಕೆರೆ ಕಡೆಯಿಂದ ಆ ಮಗುವಿನ ತಾಯಿ ನಮಗೊಂದು ಪತ್ರ ಬರೆದಿದ್ದಾರೆ. ಮಗು ಹೊಟ್ಟೆಯಲ್ಲಿದ್ದಾಗಿಂದ ಗಂಡ ಹೆಂಡತಿ ಇಬ್ಬರೂ ಅದನ್ನ ‘ಚಿನ್ನು’ ಅಂತ ಕರೀತಿದ್ದರಂತೆ. ಹುಟ್ಟಿದ ಮೇಲೂ ಚಿನ್ನುವೇ. ಈಗ ಜನನ ಪ್ರಮಾಣಪತ್ರದಲ್ಲಿ ಹೆಸರು ಸೇರಿಸಬೇಕು. ಗಂಡ ಹೇಳ್ತಾರೆ, ‘ಇಷ್ಟು ದಿನ ಕರೆದಿದ್ದು ಚಿನ್ನು, ಮುಂದೆ ಕರೆಯೋದೂ ಚಿನ್ನು, ಮತ್ಯಾಕೆ ಇನ್ನೊಂದು ಹೆಸರು? ಅದನ್ನೇ ಬರೆಸೋಣ.’ ಅತ್ತೆ ಒಪ್ತಾ ಇಲ್ಲ. ‘ನಾಳೆ ನಿನ್ನ ಮಗಳು ಜಿಲ್ಲಾಧಿಕಾರಿ ಆದ್ರೆ ಬಾಗಿಲ ಮೇಲೆ ಚಿನ್ನು ಅಂತ ಬೋರ್ಡು ಹಾಕಿಸ್ತೀಯೇನೋ?’ ಅಂತ ಮಗನನ್ನ ಕೇಳಿದ್ದಾರೆ. ಈ ಹೆಣ್ಣುಮಗಳು ಮಧ್ಯದಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ. ಪತ್ರದ ಕೊನೆಯಲ್ಲಿ ಒಂದೇ ಸಾಲು: ‘ಸರ್, ಯಾರು ಹೇಳೋದು ಸರಿ, ನೀವೇ ಹೇಳಿ.’

ನಮ್ಮ ಆಫೀಸಿನಲ್ಲಿ ಈ ಪತ್ರ ಓದಿ ಕೆಲವರು ನಕ್ಕರು. ನಾನೂ ಮೊದಲು ನಕ್ಕೆ. ಆಮೇಲೆ ಯೋಚನೆ ಮಾಡಿದೆ, ಇದು ನಗೋ ವಿಷಯ ಅಲ್ಲ. 2024ರ ಡಿಸೆಂಬರ್‌ನಲ್ಲಿ ಮೈಸೂರು ಜಿಲ್ಲೆಯ ಒಂದು ನ್ಯಾಯಾಲಯದಲ್ಲಿ ಏನಾಯಿತು ಅಂತ ನಿಮಗೆ ನೆನಪಿರಬಹುದು. ಮಗುವಿನ ಹೆಸರಿನ ಜಗಳಕ್ಕೇ ಗಂಡ ಹೆಂಡತಿ ಬೇರೆಯಾಗುವ ಹಂತಕ್ಕೆ ಹೋಗಿದ್ದರು. ಮೂರು ವರ್ಷದ ಜಗಳ. ಕೊನೆಗೆ ನ್ಯಾಯಾಲಯದಲ್ಲೇ ಮಗುವಿಗೆ ಹೆಸರಿಟ್ಟರು. ದಂಪತಿ ಹಾರ ಬದಲಾಯಿಸಿಕೊಂಡು ಮನೆಗೆ ಹೋದರು. ಒಂದು ಹೆಸರು ಒಂದು ಸಂಸಾರವನ್ನ ಕೋರ್ಟಿನ ಮೆಟ್ಟಿಲು ಹತ್ತಿಸುತ್ತೆ ಅಂದಮೇಲೆ, ಆ ವಿಷಯಕ್ಕೆ ನಮ್ಮ ಕಾರ್ಯಕ್ರಮದ ಹತ್ತು ನಿಮಿಷ ಕೊಡೋದು ತಪ್ಪಲ್ಲ.

ಮೊದಲು ಅಪ್ಪನ ಪಕ್ಷದ ವಾದ ನೋಡೋಣ. ಮುದ್ದಿನ ಹೆಸರು ಕಡಿಮೆ ದರ್ಜೆಯ ಹೆಸರು ಅಂತ ನಾವು ಅಂದುಕೊಂಡಿದ್ದೀವಿ. ನಿಜವಾಗ್ಲೂ ಹಾಗಾ? ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದುಕೊಟ್ಟವರು ಯಾರು? ಕುವೆಂಪು. ಅವರ ಪೂರ್ತಿ ಹೆಸರು ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಪುಟ್ಟಪ್ಪ ಅಂದ್ರೆ ಏನು? ಪುಟ್ಟ. ಮನೆಯಲ್ಲಿ ಚಿಕ್ಕ ಮಗುವನ್ನ ಪುಟ್ಟ, ಪುಟ್ಟಿ ಅಂತ ಕರೀತೀವಲ್ಲ, ಅದೇ ಪುಟ್ಟ. ಆ ಹೆಸರಲ್ಲೇ ಅವರು ಮೈಸೂರು ವಿಶ್ವವಿದ್ಯಾಲಯದ ಕುಲಪತಿ ಆದರು. ಯಾರಾದ್ರೂ ‘ಇದೇನು ಚಿಕ್ಕ ಮಗುವಿನ ಹೆಸರು’ ಅಂದರಾ?

ಬೆಂಗಳೂರಿನ ಟೌನ್ ಹಾಲ್ ಮುಂದೆ ನೀವು ಎಷ್ಟೋ ಸಲ ಹೋಗಿರ್ತೀರಿ. ಅದರ ಪೂರ್ತಿ ಹೆಸರು ಸರ್ ಪುಟ್ಟಣ್ಣ ಚೆಟ್ಟಿ ಪುರಭವನ. ಹೆಸರಿನ ಮುಂದೆ ‘ಸರ್’ ಇದೆ, ಪಕ್ಕದಲ್ಲೇ ‘ಪುಟ್ಟಣ್ಣ’ ಇದೆ. ಎರಡೂ ಒಟ್ಟಿಗೇ ಆರಾಮಾಗಿ ಇವೆ. ಗದುಗಿನ ಪುಟ್ಟರಾಜ ಗವಾಯಿಗಳು ಸಾವಿರಾರು ಮಕ್ಕಳಿಗೆ ಸಂಗೀತ ಕಲಿಸಿದರು, ಅನ್ನ ಹಾಕಿದರು. ಪದ್ಮಭೂಷಣ ಬಂತು. ಅಲ್ಲೂ ಪುಟ್ಟ. ಡಿವಿಜಿ ಅಂದ್ರೆ ದೇವನಹಳ್ಳಿಯ ಗುಂಡಪ್ಪ. ದುಂಡಗಿರೋ ಮಗುವನ್ನ ನಾವು ‘ಗುಂಡ’ ಅಂತ ಎತ್ತಿ ಆಡಿಸ್ತೀವಿ. ಆ ಗುಂಡನಿಗೆ ಒಂದು ‘ಅಪ್ಪ’ ಸೇರಿದಾಗ ಇಡೀ ನಾಡು ಕೈಮುಗಿಯೋ ಹೆಸರಾಯಿತು.

ಇನ್ನೂ ಒಂದು ಹೇಳ್ತೀನಿ, ಕೇಳಿ. ಖಾಸಗಿತನ ನಮ್ಮ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತಲ್ಲ, ಒಂಬತ್ತು ನ್ಯಾಯಮೂರ್ತಿಗಳ ಪೀಠದ ತೀರ್ಪು. ಆ ಪ್ರಕರಣಕ್ಕೆ ದೇಶದ ಕಾನೂನು ಪುಸ್ತಕಗಳಲ್ಲಿ ಇರೋ ಹೆಸರು ಪುಟ್ಟಸ್ವಾಮಿ ಪ್ರಕರಣ. ಆಧಾರ್ ಪ್ರಶ್ನಿಸಿ ಕೋರ್ಟಿಗೆ ಹೋದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಇವತ್ತು ದೆಹಲಿಯಲ್ಲಿ, ಮುಂಬೈಯಲ್ಲಿ, ಕನ್ನಡ ಒಂದಕ್ಷರ ಬರದ ವಕೀಲರೂ ದಿನಕ್ಕೆ ಹತ್ತು ಸಲ ‘ಪುಟ್ಟಸ್ವಾಮಿ’ ಅಂತ ಹೇಳ್ತಾರೆ. ನಮ್ಮ ತೊಟ್ಟಿಲ ಪುಟ್ಟ ಅಲ್ಲಿವರೆಗೂ ಹೋಗಿದ್ದಾನೆ.

ಹಾಗಾಗಿ ಅತ್ತೆಯವರು ಹೇಳೋ ಹಾಗೆ ಮುದ್ದಿನ ಹೆಸರು ಇಟ್ಕೊಂಡರೆ ದೊಡ್ಡ ಕುರ್ಚಿ ಸಿಗಲ್ಲ ಅನ್ನೋದು ಸುಳ್ಳು. ಅಮೆರಿಕದ ಅಧ್ಯಕ್ಷರೊಬ್ಬರು ಇದ್ದರು, ಜಿಮ್ಮಿ ಕಾರ್ಟರ್. ದಾಖಲೆಯಲ್ಲಿ ಅವರು ಜೇಮ್ಸ್. ಆದರೆ 1977ರಲ್ಲಿ ಪ್ರಮಾಣವಚನ ತಗೊಂಡಿದ್ದೇ ಜಿಮ್ಮಿ ಅನ್ನೋ ಹೆಸರಲ್ಲಿ. ಬ್ರಿಟನ್ನಿನ ರಾಣಿ ಎರಡನೇ ಎಲಿಜಬೆತ್ ಚಿಕ್ಕವರಿದ್ದಾಗ ಅವರಿಗೆ ತಮ್ಮ ಹೆಸರು ಸರಿಯಾಗಿ ಹೇಳೋಕೆ ಬರ್ತಿರಲಿಲ್ಲ. ಹಾಗಾಗಿ ಮನೆಯಲ್ಲಿ ‘ಲಿಲಿಬೆಟ್’ ಆದರು. 2021ರಲ್ಲಿ ಅವರ ಮೊಮ್ಮಗ ಹ್ಯಾರಿ ಮತ್ತು ಮೇಗನ್ ದಂಪತಿ ತಮ್ಮ ಮಗಳಿಗೆ ಲಿಲಿಬೆಟ್ ಅಂತಲೇ ಅಧಿಕೃತ ಹೆಸರಿಟ್ಟರು. ಮನೆಯೊಳಗಿನ ಮುದ್ದಿನ ಹೆಸರನ್ನ ಹೀಗೆ ದಾಖಲೆಗೆ ತರಬಹುದಾ ಅಂತ ಅಲ್ಲಿನ ಪತ್ರಿಕೆಗಳಲ್ಲಿ ದೊಡ್ಡ ಚರ್ಚೆಯೇ ಆಯಿತು. ನೋಡಿ, ಅರಸೀಕೆರೆಯ ಜಗಳವೂ ಅದೇ, ಲಂಡನ್ನಿನ ಜಗಳವೂ ಅದೇ.

ಈಗ ಇನ್ನೊಂದು ಮುಖ ನೋಡೋಣ. ಪುಟ್ಟಪ್ಪ, ಪುಟ್ಟಣ್ಣ, ಪುಟ್ಟರಾಜ, ಪುಟ್ಟಸ್ವಾಮಿ. ಈ ಹೆಸರುಗಳನ್ನ ಸ್ವಲ್ಪ ಬಿಡಿಸಿ ನೋಡಿ. ‘ಪುಟ್ಟ’ ಅನ್ನೋದು ಮುದ್ದು. ಅದರ ಹಿಂದೆ ಬಂದಿರೋ ಅಪ್ಪ, ಅಣ್ಣ, ರಾಜ, ಸ್ವಾಮಿ ಅನ್ನೋದು ಮರ್ಯಾದೆ. ನಮ್ಮ ಹಿರಿಯರು ಬರೀ ಮುದ್ದಿನ ಹೆಸರನ್ನ ಇಟ್ಟು ಸುಮ್ಮನಾಗಲಿಲ್ಲ. ಇವತ್ತು ಪುಟ್ಟ, ನಾಳೆ ಅಪ್ಪ ಆಗ್ತಾನೆ, ನಾಡಿದ್ದು ಊರಿಗೇ ಅಣ್ಣ ಆಗ್ತಾನೆ ಅಂತ ಮಗುವಿನ ಜೊತೆ ಹೆಸರೂ ಬೆಳೆಯೋದಕ್ಕೆ ಜಾಗ ಬಿಟ್ಟಿದ್ದರು. ಸಣ್ಣಮ್ಮ, ಚಿಕ್ಕಮ್ಮ, ತಂಗ್ಯಮ್ಮ, ಪುಟ್ಟಮ್ಮ, ಬಾಳವ್ವ... ಹೆಣ್ಣುಮಕ್ಕಳಿಗೂ ಅಷ್ಟೇ. ಮುದ್ದಿನ ಹಿಂದೆ ಅಮ್ಮ, ಅವ್ವ ಬಂದು ನಿಲ್ಲುತ್ತೆ.

ಆದರೆ ಈ ಮರ್ಯಾದೆಯ ಬಾಲ ಎಲ್ಲರಿಗೂ ಸಿಕ್ತಾ? ಇಲ್ಲ. ಇದನ್ನ ಹೇಳದೆ ಹೋದರೆ ಈ ಮಾತು ಪೂರ್ತಿ ಆಗಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದಿದವರಿಗೆ ಗೊತ್ತಿರುತ್ತೆ. ಅಲ್ಲಿ ಒಡೆಯರ ಮನೆಯವರೆಲ್ಲ ಹೆಗ್ಗಡೆ, ಗೌಡ, ಮುಕುಂದಯ್ಯ. ದುಡಿಯೋ ಜನ ಮಾತ್ರ ಗುತ್ತಿ, ಐತ, ತಿಮ್ಮಿ, ಪೀಂಚಲು. ಕಾದಂಬರಿಯಲ್ಲಷ್ಟೇ ಅಲ್ಲ, ನಮ್ಮ ಹಳ್ಳಿಗಳಲ್ಲೂ ಹೀಗೇ ಇತ್ತು. ಎಪ್ಪತ್ತು ವರ್ಷದ ಮುದುಕನನ್ನ ಹತ್ತು ವರ್ಷದ ಒಡೆಯರ ಹುಡುಗ ‘ಲೋ ಕರಿಯಾ’ ಅಂತ ಕೂಗ್ತಿದ್ದ. ಆ ಮುದುಕನಿಗೆ ಸಾಯೋವರೆಗೂ ತೊಟ್ಟಿಲ ಹೆಸರೇ ಗತಿ. ಅದು ಪ್ರೀತಿಯಿಂದಲ್ಲ, ಅವನಿಗೆ ಪೂರ್ತಿ ಹೆಸರು ಯಾಕೆ ಅನ್ನೋ ತಾತ್ಸಾರದಿಂದ. ಅಂಥ ಮನೆಗಳಲ್ಲಿ ಮೊದಲ ಸಲ ಶಾಲೆಗೆ ಹೋದ ಮಗುವಿಗೆ ಅಪ್ಪ ಅಮ್ಮ ಉದ್ದವಾದ, ಗಟ್ಟಿಯಾದ ಹೆಸರಿಟ್ಟರಲ್ಲ, ಅದು ಬರೀ ಆಸೆಗಾಗಿ ಅಲ್ಲ. ನನ್ನ ಮಗನನ್ನ ಯಾರೂ ಅರ್ಧ ಹೆಸರಿನಲ್ಲಿ ಕೂಗಬಾರದು ಅನ್ನೋ ಛಲಕ್ಕಾಗಿ.

ಅದಕ್ಕೇ ಅತ್ತೆಯವರ ಸಿಟ್ಟನ್ನ ನಾನು ಹಳೇ ಕಾಲದ ಹಟ ಅಂತ ತಳ್ಳಿಹಾಕಲ್ಲ. ‘ನನ್ನ ಮೊಮ್ಮಗಳನ್ನ ನಾಲ್ಕು ಜನ ಮರ್ಯಾದೆಯಿಂದ ಕರೀಬೇಕು’ ಅಂತ ಆ ಹಿರಿಯ ಜೀವ ಕೇಳ್ತಾ ಇದೆ. ಅದರಲ್ಲಿ ತಪ್ಪೇನಿದೆ?

ಹಾಗಾದ್ರೆ ಮನೆಗೊಂದು, ಶಾಲೆಗೊಂದು ಹೆಸರು ಇಟ್ಟರೆ ಆಯ್ತಲ್ಲ ಅಂತೀರಿ. ಬಹಳ ಮನೆಗಳಲ್ಲಿ ಮಾಡೋದು ಅದನ್ನೇ. ಬಂಗಾಳದಲ್ಲಂತೂ ಇದಕ್ಕೊಂದು ಪದ್ಧತಿಯೇ ಇದೆ. ಮನೆಯವರು ಕರೆಯೋದು ‘ಡಾಕ್ ನಾಮ್’, ಲೋಕಕ್ಕೆ ಹೇಳೋದು ‘ಭಾಲೋ ನಾಮ್’. ಎಲ್ಲ ಮಕ್ಕಳಿಗೂ ಎರಡೂ ಇರುತ್ತೆ. ಆದರೆ ಅಲ್ಲೂ ಎಡವಟ್ಟಾಗುತ್ತೆ. ಜುಂಪಾ ಲಾಹಿರಿ ಅನ್ನೋ ಹೆಸರಾಂತ ಲೇಖಕಿ ಇದ್ದಾರೆ. ಅಮೆರಿಕದಲ್ಲಿ ಬೆಳೆದವರು. ಅವರ ಭಾಲೋ ನಾಮ್ ನೀಲಾಂಜನಾ ಸುದೇಷ್ಣಾ. ಶಾಲೆಯಲ್ಲಿ ಟೀಚರ್‌ಗೆ ಅದು ಕಷ್ಟವಾಯಿತು, ಜುಂಪಾ ಸುಲಭವಾಯಿತು. ಅಲ್ಲಿಗೆ ಮನೆಯ ಹೆಸರು ಬೀದಿಗೆ ಬಂತು, ಲೋಕದ ಹೆಸರು ಮೂಲೆ ಸೇರಿತು. ಎರಡು ಹೆಸರಿನ ಮಧ್ಯೆ ಬೆಳೆಯೋ ಹುಡುಗನ ಕಥೆಯನ್ನೇ ಅವರು ಆಮೇಲೆ ‘ದಿ ನೇಮ್‌ಸೇಕ್’ ಅನ್ನೋ ಕಾದಂಬರಿಯಾಗಿ ಬರೆದರು.

ನಮ್ಮಲ್ಲೂ ಒಂದನೇ ಕ್ಲಾಸಿನ ಮೊದಲ ದಿನ ಯಾವುದಾದ್ರೂ ಶಾಲೆಗೆ ಹೋಗಿ ನೋಡಿ. ಟೀಚರ್ ಹಾಜರಿ ಕೂಗ್ತಾರೆ. ಒಂದು ಹೆಸರು ಕೂಗ್ತಾರೆ, ಯಾರೂ ಏಳಲ್ಲ. ಎರಡು ಸಲ ಕೂಗ್ತಾರೆ, ಏಳಲ್ಲ. ಮಗು ಅಲ್ಲೇ ಮುಂದೆ ಕೂತಿರುತ್ತೆ, ಕಿವಿ ಚೆನ್ನಾಗೇ ಕೇಳಿಸುತ್ತೆ. ಆದರೆ ಆ ಹೆಸರು ತನ್ನದು ಅಂತ ಅದಕ್ಕೆ ಗೊತ್ತಿಲ್ಲ. ಯಾಕಂದ್ರೆ ಆರು ವರ್ಷ ಮನೆಯಲ್ಲಿ ಯಾರೂ ಅದನ್ನ ಆ ಹೆಸರಲ್ಲಿ ಕರೆದೇ ಇಲ್ಲ. ಆ ಮಗುವಿನ ಅಪ್ಪ ಕೇಳೋ ಪ್ರಶ್ನೆಯನ್ನೇ ಪತ್ರದಲ್ಲಿರೋ ಅಪ್ಪನೂ ಕೇಳ್ತಿರೋದು: ಕರೆಯದೇ ಇರೋ ಹೆಸರು ಯಾಕೆ ಬೇಕು?

ಇದು ಮಕ್ಕಳ ವಿಷಯ ಆಯ್ತು. ದೊಡ್ಡವರಾದ ಮೇಲೆ ಏನಾಗುತ್ತೆ? ಇದಕ್ಕೆ ನಮ್ಮ ಮನೆಯದೇ ಒಂದು ಕಥೆ ಹೇಳ್ತೀನಿ.

ನಮ್ಮ ಅಜ್ಜಿ ತವರಿನಲ್ಲಿ ಕೊನೇ ಮಗಳು. ಅಣ್ಣಂದಿರೆಲ್ಲ ‘ತಂಗಿ, ತಂಗಿ’ ಅಂತ ಕರೆದು ಕರೆದು ತಂಗ್ಯಮ್ಮ ಆಗಿದ್ದರು. ನಾಮಕರಣದಲ್ಲಿ ಇಟ್ಟ ಹೆಸರು ಲಕ್ಷ್ಮಮ್ಮ. ಅದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಮ್ಮ ತಾತ ಒಂದೂವರೆ ಎಕರೆ ಜಮೀನು ಕೊಂಡು ಅಜ್ಜಿ ಹೆಸರಿಗೆ ಬರೆಸಿದರು. ಪತ್ರ ಬರೆಯೋರು ‘ಹೆಂಡತಿ ಹೆಸರೇನು ಗೌಡ್ರೇ’ ಅಂದಾಗ ತಾತನ ಬಾಯಿಗೆ ಬಂದದ್ದು ತಂಗ್ಯಮ್ಮ. ಕ್ರಯಪತ್ರದಲ್ಲಿ ತಂಗ್ಯಮ್ಮ, ಪಹಣಿಯಲ್ಲಿ ‘ತಂಗ್ಯಮ್ಮ ಕೋಂ’ ಅಂತ ತಾತನ ಹೆಸರು. ಆಮೇಲೆ ಎಷ್ಟೋ ವರ್ಷದ ಮೇಲೆ ವೋಟರ್ ಕಾರ್ಡ್ ಬಂತು, ಆಧಾರ್ ಬಂತು. ಬರೆಸೋಕೆ ಕರ್ಕೊಂಡು ಹೋದ ನಮ್ಮ ಚಿಕ್ಕಪ್ಪ ಓದಿದವರು. ‘ಸರಿಯಾದ ಹೆಸರು ಬರೆಸಬೇಕು’ ಅಂತ ಲಕ್ಷ್ಮಮ್ಮ ಅಂತ ಬರೆಸಿದರು. ಯಾರೂ ತಪ್ಪು ಮಾಡಲಿಲ್ಲ, ನೋಡಿ. ತಾತನೂ ನಿಜವನ್ನೇ ಹೇಳಿದರು, ಚಿಕ್ಕಪ್ಪನೂ ನಿಜವನ್ನೇ ಹೇಳಿದರು.

ವಯಸ್ಸಾದ ಮೇಲೆ ಅಜ್ಜಿಗೆ ಆ ಜಮೀನನ್ನ ನಮ್ಮ ಸೋದರತ್ತೆಗೆ ದಾನಪತ್ರ ಮಾಡಿಕೊಡಬೇಕು ಅನ್ನಿಸಿತು. ಗಂಡನನ್ನ ಕಳಕೊಂಡು ತವರಿಗೆ ಬಂದಿದ್ದ ಮಗಳು ಆಕೆ. ಕಚೇರಿಗೆ ಹೋದರೆ, ಪಹಣಿ ನೋಡಿದರು, ಆಧಾರ್ ನೋಡಿದರು. ‘ತಂಗ್ಯಮ್ಮ ಯಾರು?’ ಅಂದರು. ಅಜ್ಜಿ, ‘ನಾನೇ’ ಅಂದರು. ‘ಲಕ್ಷ್ಮಮ್ಮ ಯಾರು?’ ‘ಅದೂ ನಾನೇ.’ ‘ಇಬ್ಬರೂ ಒಬ್ಬರೇ ಅನ್ನೋದಕ್ಕೆ ಸಾಕ್ಷಿ ಏನು?’ ಅಜ್ಜಿಗೆ ಆ ಪ್ರಶ್ನೆಯೇ ಅರ್ಥ ಆಗಲಿಲ್ಲ. ‘ನಾನೇ ಬಂದು ನಿಂತಿದ್ದೀನಲ್ಲಪ್ಪಾ’ ಅಂದರು.

ಅಧಿಕಾರಿಯನ್ನ ನಾನು ಬೈಯಲ್ಲ. ಬೇರೆಯವರ ಹೆಸರಲ್ಲಿ ಜಮೀನು ಹೊಡೆಯೋ ಜನ ನಮ್ಮಲ್ಲಿ ಕಡಿಮೆ ಇಲ್ಲ, ಅವರು ಎಚ್ಚರವಾಗಿರಲೇಬೇಕು. ಆದರೆ ಮೊಣಕಾಲು ನೋವಿನ ಆ ಮುದುಕಿ ಏಳು ಸಲ ಆ ಮೆಟ್ಟಿಲು ಹತ್ತಬೇಕಾಯಿತು. ಅಫಿಡವಿಟ್ ಆಯಿತು, ಊರಿನ ಹಿರಿಯರ ಹೇಳಿಕೆ ಆಯಿತು, ಮಹಜರು ಆಯಿತು. ಕೊನೆಗೆ ‘ತಂಗ್ಯಮ್ಮ ಉರುಫ್ ಲಕ್ಷ್ಮಮ್ಮ’ ಅಂತ ಕಾಗದ ಸಿದ್ಧವಾಯಿತು. ಅವತ್ತು ರಾತ್ರಿ ಊಟಕ್ಕೆ ಕೂತಾಗ ಅಜ್ಜಿ ಒಂದು ಮಾತು ಕೇಳಿದರು. ‘ಅಲ್ಲ ಕಣಪ್ಪಾ, ಇಷ್ಟು ದಿನ ನಮ್ಮಪ್ಪ, ನಮ್ಮಣ್ಣಂದಿರು, ನಿಮ್ಮ ತಾತ ಕರೆದ ಹೆಸರು ಸುಳ್ಳಾ?’

ನನ್ನ ಹತ್ತಿರ ಉತ್ತರ ಇರಲಿಲ್ಲ.

ಈ ಕಥೆ ನಮ್ಮ ಅಜ್ಜಿಯೊಬ್ಬರದೇ ಅಲ್ಲ. ಇವತ್ತೂ ನಿಮ್ಮ ತಾಲ್ಲೂಕು ಕಚೇರಿ ಮುಂದೆ, ನಾಡಕಚೇರಿ ಮುಂದೆ, ಬ್ಯಾಂಕಿನ ಮುಂದೆ ಹೋಗಿ ನಿಂತು ನೋಡಿ. ರೇಷನ್ ಕಾರ್ಡಿನಲ್ಲಿ ಸಣ್ಣಮ್ಮ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇನ್ನೇನೋ. ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಆಗಲಿ, ಪಿಂಚಣಿ ಆಗಲಿ, ಬೆಳೆ ವಿಮೆ ಆಗಲಿ, ಎಲ್ಲಿ ನೋಡಿದರೂ ಒಂದೇ ಮಾತು: ಹೆಸರು ತಾಳೆ ಆಗಬೇಕು. ಕಂಪ್ಯೂಟರಿಗೆ ಪ್ರೀತಿಯ ಹೆಸರು, ಪೂಜೆಯ ಹೆಸರು ಅಂತ ಗೊತ್ತಾಗಲ್ಲ. ಅದಕ್ಕೆ ಅಕ್ಷರ ಅಷ್ಟೇ ಗೊತ್ತು.

ಇಲ್ಲಿ ಒಂದು ವಿಷಯ ಗಮನಿಸಿ. ಅಜ್ಜಿಗೆ ತೊಂದರೆ ಕೊಟ್ಟಿದ್ದು ತಂಗ್ಯಮ್ಮ ಅನ್ನೋ ಹೆಸರಲ್ಲ. ಎಲ್ಲ ಕಾಗದದಲ್ಲೂ ತಂಗ್ಯಮ್ಮ ಅಂತಲೇ ಇದ್ದಿದ್ದರೆ ಒಂದೇ ದಿನದಲ್ಲಿ ಕೆಲಸ ಆಗ್ತಿತ್ತು. ಲಕ್ಷ್ಮಮ್ಮ ಅನ್ನೋ ಹೆಸರೂ ತೊಂದರೆ ಕೊಡಲಿಲ್ಲ. ಒಂದು ಕಾಗದದಲ್ಲಿ ಒಂದು, ಇನ್ನೊಂದು ಕಾಗದದಲ್ಲಿ ಇನ್ನೊಂದು ಇತ್ತಲ್ಲ, ಅದು ತೊಂದರೆ ಕೊಟ್ಟಿದ್ದು.

ಈಗ ಕಾನೂನು ಏನು ಹೇಳುತ್ತೆ? ಇದನ್ನ ಮಕ್ಕಳ ತಂದೆ ತಾಯಿ ಸ್ವಲ್ಪ ಗಮನ ಕೊಟ್ಟು ಕೇಳಿ. ನಮ್ಮಲ್ಲಿ ಜನನ ಮರಣ ನೋಂದಣಿಗೆ 1969ರ ಕಾಯ್ದೆ ಇದೆ. ಮಗು ಹುಟ್ಟಿದ 21 ದಿನದೊಳಗೆ ಜನನ ನೋಂದಣಿ ಆಗಬೇಕು. ಹೆಸರು ಇನ್ನೂ ಇಟ್ಟಿಲ್ಲ ಅಂದ್ರೂ ಪರವಾಗಿಲ್ಲ, ಹೆಸರಿಲ್ಲದೇ ನೋಂದಣಿ ಆಗುತ್ತೆ. ಆಮೇಲೆ 12 ತಿಂಗಳೊಳಗೆ ಹೆಸರು ಸೇರಿಸಿದರೆ ಶುಲ್ಕ ಇಲ್ಲ. ಅದು ದಾಟಿದರೆ ತಡವಾದ ಶುಲ್ಕ ಕಟ್ಟಿ 15 ವರ್ಷದವರೆಗೆ ಸೇರಿಸಬಹುದು. ಅಂದ್ರೆ ಈ ಪತ್ರ ಬರೆದ ತಾಯಿಗೆ ಇನ್ನೂ ಹತ್ತು ತಿಂಗಳು ಟೈಮ್ ಇದೆ. ಜಗಳ ಆಡಿ ನಾಳೆಯೇ ತೀರ್ಮಾನ ಮಾಡಬೇಕಾಗಿಲ್ಲ.

ಆದರೆ ಒಂದು ಸಲ ಬರೆಸಿದ ಮೇಲೆ? ಅಕ್ಷರ ತಪ್ಪಾಗಿದ್ದರೆ ತಿದ್ದೋದಕ್ಕೆ ಕಾಯ್ದೆಯಲ್ಲಿ ಅವಕಾಶ ಇದೆ. ‘ಮನಸ್ಸು ಬದಲಾಯ್ತು, ಬೇರೆ ಹೆಸರು ಹಾಕಿ’ ಅಂದರೆ ಸುಲಭವಾಗಿ ಆಗೋ ಕೆಲಸ ಅಲ್ಲ. ಈ ಕೊರತೆಯನ್ನ ನಮ್ಮ ಹೈಕೋರ್ಟ್ ಕೂಡ 2025ರಲ್ಲಿ ಒಂದು ಪುಟ್ಟ ಮಗುವಿನ ಪ್ರಕರಣದಲ್ಲಿ ಎತ್ತಿ ತೋರಿಸಿತ್ತು. ಆಧಾರ್‌ನಲ್ಲೂ ಹೆಸರು ತಿದ್ದುಪಡಿಗೆ ಜೀವಮಾನದಲ್ಲಿ ಎರಡೇ ಅವಕಾಶ.

ಇನ್ನೂ ಮುಖ್ಯವಾದದ್ದು ಇದು. ಆ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಆಯಿತು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ, ಶಾಲೆಗೆ ಸೇರೋದಕ್ಕೆ, ಡ್ರೈವಿಂಗ್ ಲೈಸೆನ್ಸ್‌ಗೆ, ಮತದಾರರ ಪಟ್ಟಿಗೆ, ಮದುವೆ ನೋಂದಣಿಗೆ, ಸರ್ಕಾರಿ ನೌಕರಿಗೆ, ಹುಟ್ಟಿದ ದಿನ ಮತ್ತು ಜಾಗದ ಪುರಾವೆ ಅಂದ್ರೆ ಜನನ ಪ್ರಮಾಣಪತ್ರ. ಹಿಂದೆ ಹೇಗಿತ್ತು? ಹೆಡ್‌ಮಾಸ್ಟರ್ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಏನು ಬರೆದರೋ ಅದೇ ಹೆಸರು, ಅದೇ ಹುಟ್ಟಿದ ದಿನ. ನಮ್ಮಲ್ಲಿ ಎಷ್ಟೋ ಜನ ಜೂನ್ ಒಂದನೇ ತಾರೀಖು ಹುಟ್ಟಿದ್ದು ಹಾಗೇ ತಾನೇ? ಆ ಕಾಲ ಮುಗೀತು. ಈಗ ಬರೆಸೋ ಆ ಒಂದು ಹೆಸರು ಮಗುವಿನ ಹಿಂದೆ ಅರವತ್ತು, ಎಪ್ಪತ್ತು ವರ್ಷ ಬರುತ್ತೆ.

ಹಾಗಾಗಿ ಆ ಅಪ್ಪನಿಗೆ ನಾನು ಹೇಳೋದು ಇಷ್ಟು. ಮುದ್ದಿನ ಹೆಸರನ್ನೇ ಅಧಿಕೃತ ಮಾಡಬೇಕು ಅಂತಿದ್ದರೆ ಮಾಡಿ, ನಿಮ್ಮನ್ನ ತಡೆಯೋ ಕಾನೂನು ಯಾವುದೂ ಇಲ್ಲ. ಆದರೆ ಮೊದಲು ಒಂದಷ್ಟು ಪರೀಕ್ಷೆ ಮಾಡಿ. ಮೊದಲನೆಯದು, ಆ ಹೆಸರಿನ ಪಕ್ಕದಲ್ಲಿ ವಯಸ್ಸು ಸೇರಿಸಿ ಜೋರಾಗಿ ಓದಿ. ‘ಚಿನ್ನು, 6 ವರ್ಷ.’ ಚೆನ್ನಾಗಿದೆ. ‘ಚಿನ್ನು, 26 ವರ್ಷ.’ ಪರವಾಗಿಲ್ಲ. ‘ಚಿನ್ನು, 66 ವರ್ಷ, ಆಸ್ಪತ್ರೆಯ ಮೂರನೇ ವಾರ್ಡ್.’ ಹೇಗನ್ನಿಸುತ್ತೆ? ಎರಡನೆಯದು, ಬೇರೆಯವರು ಆ ಹೆಸರಿಗೆ ಮರ್ಯಾದೆ ಸೇರಿಸಿ ಕರೆಯೋಕೆ ಆಗುತ್ತಾ ನೋಡಿ. ಆ ಹೆಸರಿನ ಮುಂದೆ ಅಮ್ಮ, ಅಕ್ಕ, ಮೇಡಂ, ಡಾಕ್ಟರ್ ಯಾವುದಾದ್ರೂ ಕೂರುತ್ತಾ? ಮೂರನೆಯದು, ಇಂಗ್ಲಿಷಿನಲ್ಲಿ ಬರೆಯೋವಾಗ ಒಂದು ‘ಎನ್’ ಬರುತ್ತಾ, ಎರಡು ‘ಎನ್’ ಬರುತ್ತಾ, ಕೊನೆಯಲ್ಲಿ ‘ಯು’ ಬರುತ್ತಾ, ಎರಡು ‘ಓ’ ಬರುತ್ತಾ? ಮುದ್ದಿನ ಹೆಸರುಗಳಲ್ಲಿ ಈ ತಾಪತ್ರಯ ಜಾಸ್ತಿ. ಅವು ಬಾಯಲ್ಲಿ ಹುಟ್ಟಿದ ಹೆಸರುಗಳು, ಅವಕ್ಕೆ ಸ್ಪೆಲಿಂಗ್ ಇಲ್ಲ. ಇವತ್ತೇ ಒಂದು ತೀರ್ಮಾನ ಮಾಡಿ, ಎಲ್ಲ ಕಡೆಯೂ ಅದನ್ನೇ ಬರೆಸಿ.

ನಾಲ್ಕನೆಯದು, ಇದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಮುದ್ದಿನ ಹೆಸರನ್ನೇ ದಾಖಲೆಗೆ ಹಾಕಿದರೆ ಮನೆಯವರಿಗೆ ಅಂತ ಬೇರೆ ಏನು ಉಳಿಯುತ್ತೆ? ನಮ್ಮ ಪುನೀತ್ ರಾಜ್‌ಕುಮಾರ್ ನೆನಪು ಮಾಡ್ಕೊಳ್ಳಿ. ಹುಟ್ಟಿದಾಗ ಲೋಹಿತ್. ಬಾಲನಟನಾಗಿದ್ದಾಗ ಮಾಸ್ಟರ್ ಲೋಹಿತ್. ಆಮೇಲೆ ಪುನೀತ್. ಆದರೆ ಮನೆಯಲ್ಲಿ ಅಪ್ಪು. 2002ರಲ್ಲಿ ನಾಯಕನಾಗಿ ಬಂದ ಮೊದಲ ಸಿನಿಮಾದ ಹೆಸರೇ ‘ಅಪ್ಪು’. ಅಲ್ಲಿಂದ ಅಣ್ಣಾವ್ರ ಮನೆಯ ಅಪ್ಪು ಇಡೀ ಕರ್ನಾಟಕದ ಅಪ್ಪು ಆದರು. 2021ರ ಅಕ್ಟೋಬರ್ 29ರಂದು ಅವರು ಹೋದಾಗ, ಕಂಠೀರವ ಸ್ಟೇಡಿಯಂ ಹತ್ತಿರ ಅತ್ತ ಜನ ಪುನೀತ್ ಅಂತ ಅಳಲಿಲ್ಲ. ‘ಅಪ್ಪು’ ಅಂತ ಅತ್ತರು. ಯಾವ ದಾಖಲೆಯೂ ಆ ಹೆಸರನ್ನ ಜನರ ಬಾಯಿಗೆ ಹಾಕಿರಲಿಲ್ಲ. ಪ್ರೀತಿ ಹಾಕಿತ್ತು. ಪುಟ್ಟಣ್ಣ ಕಣಗಾಲ್ ಕೂಡ ಹಾಗೇ, ಇಟ್ಟ ಹೆಸರು ಸೀತಾರಾಮ ಶರ್ಮ. ರಾಹುಲ್ ದ್ರಾವಿಡ್ ಸ್ಕೋರ್‌ಬೋರ್ಡಿನಲ್ಲಿ ರಾಹುಲ್ ದ್ರಾವಿಡ್. ಅಪ್ಪ ಜಾಮ್ ಮಾಡೋ ಕಂಪನಿಯಲ್ಲಿ ಇದ್ದರು ಅಂತ ಗೆಳೆಯರಿಗೆ ಮಾತ್ರ ‘ಜ್ಯಾಮಿ’.

ಮುದ್ದಿನ ಹೆಸರಿಗೆ ದಾಖಲೆಯ ರಕ್ಷಣೆ ಬೇಕಾಗಿಲ್ಲ. ಅದು ಹೇಗೂ ಬದುಕುತ್ತೆ. ಕರೆಯೋ ಜನ ಇರೋವರೆಗೂ ಬದುಕುತ್ತೆ.

ಈಗ ಅರಸೀಕೆರೆಯ ಆ ತಂಗಿಗೆ ನನ್ನ ಉತ್ತರ. ಅಮ್ಮಾ, ನಿಮ್ಮ ಯಜಮಾನರು ಹೇಳೋದರಲ್ಲಿ ಅರ್ಧ ನಿಜ ಇದೆ. ಕರೆಯದೇ ಇರೋ ಹೆಸರನ್ನ ಸುಮ್ಮನೆ ಕಾಗದಕ್ಕೆ ಅಂತ ಇಡಬೇಡಿ. ನಿಮ್ಮ ಅತ್ತೆ ಹೇಳೋದರಲ್ಲೂ ಅರ್ಧ ನಿಜ ಇದೆ. ಮಗು ದೊಡ್ಡವಳಾದ ಮೇಲೂ ತಲೆಯೆತ್ತಿ ಹೇಳ್ಕೊಳ್ಳೋ ಹೆಸರಿರಬೇಕು. ಈ ಎರಡೂ ಸೇರೋ ದಾರಿ ನಮ್ಮ ಭಾಷೆಯಲ್ಲೇ ಇದೆ. ಚಿನ್ನು ಅಂದ್ರೆ ಚಿನ್ನ. ಚಿನ್ನಕ್ಕೆ ನಮ್ಮಲ್ಲಿ ಹೆಸರಿಗೆ ಬರವಾ? ಹೇಮಾ ಇದೆ, ಸುವರ್ಣ ಇದೆ, ಕನಕ ಇದೆ, ಕಾಂಚನ ಇದೆ. ಇದರಲ್ಲಿ ಯಾವುದನ್ನ ಬರೆಸಿದರೂ ಅದರೊಳಗೆ ನಿಮ್ಮ ಚಿನ್ನು ಇರ್ತಾಳೆ. ಮುನ್ನೂರು ವರ್ಷದ ಹಿಂದೆ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆ ಅಡಿಕೆ ಸಂಚಿ ಹಿಡಿಯೋ ಕೆಲಸದ ಹೆಣ್ಣುಮಗಳೊಬ್ಬಳು ‘ಹದಿಬದೆಯ ಧರ್ಮ’ ಅಂತ ಕಾವ್ಯ ಬರೆದಳು. ಆಕೆ ಸಂಚಿಯ ಹೊನ್ನಮ್ಮ. ಹೊನ್ನು ಅಂದ್ರೂ ಚಿನ್ನವೇ. ಚಿನ್ನುವಿಗೆ ಒಂದು ‘ಅಮ್ಮ’ ಸೇರಿದರೆ ಹೊನ್ನಮ್ಮ. ಅತ್ತೆಯವರನ್ನೇ ಕೂರಿಸಿಕೊಂಡು ಕೇಳಿ, ‘ಇದರಲ್ಲಿ ಯಾವುದು ಚೆನ್ನಾಗಿದೆ ಅತ್ತೆಮ್ಮಾ, ನೀವೇ ಆರಿಸಿ’ ಅಂತ. ಹೆಸರು ಆರಿಸಿದವರು ಅದನ್ನ ಕರೆದೇ ಕರೀತಾರೆ.

ಇಷ್ಟಾದ ಮೇಲೂ ಗಂಡ ಹೆಂಡತಿ ಇಬ್ಬರಿಗೂ ಚಿನ್ನುವೇ ಬೇಕು ಅನ್ನಿಸಿದರೆ, ಧೈರ್ಯವಾಗಿ ಚಿನ್ನು ಅಂತಲೇ ಬರೆಸಿ. ಜನನ ಪ್ರಮಾಣಪತ್ರದಲ್ಲಿ, ಆಧಾರ್‌ನಲ್ಲಿ, ಶಾಲೆಯಲ್ಲಿ, ಬ್ಯಾಂಕಿನಲ್ಲಿ, ಎಲ್ಲೆಲ್ಲೂ ಒಂದೇ ಹೆಸರು, ಒಂದೇ ಸ್ಪೆಲಿಂಗ್. ಆ ಮಗು ಎಪ್ಪತ್ತು ವರ್ಷದ ಅಜ್ಜಿಯಾಗಿ ಯಾವುದೋ ಕಚೇರಿಯ ಮುಂದೆ ನಿಂತಾಗ, ‘ನೀನೇ ನೀನು ಅನ್ನೋದಕ್ಕೆ ಸಾಕ್ಷಿ ಏನು’ ಅಂತ ಯಾರೂ ಕೇಳಬಾರದು. ನನ್ನ ಆಸೆ ಅಷ್ಟೇ.

ನಮ್ಮ ಅಜ್ಜಿಗೆ ಅವತ್ತು ನಾನು ಉತ್ತರ ಕೊಡಲಿಲ್ಲ. ಅವರು ಈಗಿಲ್ಲ. ಜಮೀನು ನಮ್ಮ ಸೋದರತ್ತೆ ಹೆಸರಿಗೆ ಆಗಿದೆ. ಅಜ್ಜಿಯ ತಿಥಿಯ ಕಾರ್ಡಿನಲ್ಲಿ ಯಾವ ಹೆಸರು ಹಾಕೋದು ಅಂತ ಪ್ರಶ್ನೆ ಬಂದಾಗ ಮನೆಯವರೆಲ್ಲ ಒಂದೇ ಮಾತು ಹೇಳಿದರು. ಕಾರ್ಡಿನಲ್ಲಿ ಅಚ್ಚಾಗಿದ್ದು ತಂಗ್ಯಮ್ಮ.

ನಿಮ್ಮ ಮನೆಯಲ್ಲಿ ವಯಸ್ಸಾದವರಿದ್ದರೆ ಇವತ್ತು ಒಂದು ಕೆಲಸ ಮಾಡಿ. ಅವರ ಪಹಣಿ, ಆಧಾರ್, ಪಾಸ್‌ಬುಕ್, ರೇಷನ್ ಕಾರ್ಡ್ ಒಂದು ಕಡೆ ಇಟ್ಟು ಹೆಸರು ತಾಳೆ ನೋಡಿ. ಅವರು ಗಟ್ಟಿಯಾಗಿರೋವಾಗಲೇ ಸರಿ ಮಾಡಿಸಿ. ಮನೆಯಲ್ಲಿ ಮಗು ಇದ್ದರೆ, ಜನನ ಪ್ರಮಾಣಪತ್ರ ತೆಗೆದು ಹೆಸರಿನ ಜಾಗ ಖಾಲಿ ಇದೆಯಾ ನೋಡಿ. ಖಾಲಿ ಇದ್ದರೆ, ಎಲ್ಲರೂ ಕೂತು ಒಂದು ಒಳ್ಳೆಯ ಹೆಸರು ಆರಿಸಿ.